ಅರಿಶಿನ ಹಚ್ಚಿದ ಕಲ್ಲು

"ಮೇಡಂ, ಅವಳ್ನ ಕೇಳಿ, ಮೂಡ್ಲ ಕಡೆ ಬೇಕೋ ಪಡುವ್ಲ ಕಡೆ ಬೇಕೋ ಅಂತ."

"ಮೇಡಂ, ಅವರಿಗೆ ಹೇಳಿ, ಮೂಡಲ ಕಡೆ ಅಂತ ಅರ್ಜಿಯಲ್ಲೇ ಬರೆದಿದೀನಿ ಅಂತ."

ಇಬ್ಬರ ನಡುವೆ ಇದ್ದದ್ದು ಹತ್ತು ಅಡಿ ಜಾಗ. ಆ ಹತ್ತು ಅಡಿಯ ಮಧ್ಯೆ ನಾನು ಅಳತೆಯ ರೋವರ್ ಕಂಬ ಹಿಡಿದುಕೊಂಡು ನಿಂತಿದ್ದೆ. ಒಡಹುಟ್ಟಿದ ಅಕ್ಕತಂಗಿಯರು, ಕಿವಿ ಇಬ್ಬರಿಗೂ ನೆಟ್ಟಗೇ ಇವೆ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ನನ್ನ ಬಾಯಿಂದ ಹಾದುಹೋಗಬೇಕು. ಜಮೀನು ಅಳೆಯಲು ಬಂದವಳಿಗೆ ಇದೆಂಥ ಕರ್ಮ ಎಂದು ಮೊದಲ ದಿನವೇ ನನಗೆ ಸಿಟ್ಟು ಬಂದಿತ್ತು.

ನಾನು ಲೈಸೆನ್ಸ್ ಪಡೆದು ಸರ್ವೆ ಮಾಡುವವಳು. ಸರ್ಕಾರಿ ಸಂಬಳ ಇಲ್ಲ, ಸರ್ಕಾರಿ ಬೈಗುಳ ಮಾತ್ರ ಪೂರ್ತಿ ಉಂಟು. ಮನೆ ಚನ್ನರಾಯಪಟ್ಟಣದಲ್ಲಿ, ಕೆಲಸ ಹೆಚ್ಚಾಗಿ ಅರಕಲಗೂಡಿನಲ್ಲಿ. ಒಂದು ಸರ್ವೆ ನಂಬರನ್ನು ಮನೆಯವರು ಪಾಲು ಮಾಡಿಕೊಂಡು ನೋಂದಣಿ ಮಾಡಿಸಬೇಕಾದರೆ ಮೊದಲು ಪಾಲಿನ ಗೆರೆ ತೋರಿಸುವ ಹನ್ನೊಂದು-ಇ ನಕ್ಷೆ ಬೇಕು. ಅರ್ಜಿ ನನ್ನ ಪಾಲಿಗೆ ಬಿದ್ದರೆ ನಾನು ಸುತ್ತಲ ಜಮೀನಿನವರಿಗೆಲ್ಲ ನೋಟಿಸು ಕೊಟ್ಟು, ಅಳೆದು, ಅಲ್ಲೇ ಕೂತು ಮಹಜರು ಬರೆದು, ಎಲ್ಲರ ಸಹಿ ಹಾಕಿಸಿ, ನಕ್ಷೆ ಮಾಡಿ ಮೇಲಕ್ಕೆ ಕಳಿಸಬೇಕು. ಕೇಳಲು ಸುಲಭ. ಆದರೆ ಸಹಿ ಹಾಕುವ ಹೊತ್ತಿಗೆ ನಲವತ್ತು ವರ್ಷದ ಜಗಳಗಳೆಲ್ಲ ಬದುವಿನ ಮೇಲೆ ಬಂದು ಕೂರುತ್ತವೆ.

ಈ ಜಮೀನು ಮಲ್ಲಿಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿತ್ತು. ಪಹಣಿಯಲ್ಲಿ ಒಂಬತ್ತು ಎಕರೆ ಆರು ಗುಂಟೆ. ಯಜಮಾನರು ಊರಿನ ಪಟೇಲರ ಮನೆತನದವರು, ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಗಂಡುಮಕ್ಕಳಿಲ್ಲ, ಇಬ್ಬರೇ ಹೆಣ್ಣುಮಕ್ಕಳು. ಅಕ್ಕನಿಗೆ ಐವತ್ತನಾಲ್ಕು, ಹೊಳೆನರಸೀಪುರದ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿದ್ದರು. ತಂಗಿಗೆ ನಲವತ್ತೆರಡು, ಹಾಸನದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು. ತಾಯಿ ಬೇಗ ಹೋದದ್ದರಿಂದ ಹನ್ನೆರಡು ವರ್ಷದ ಅಕ್ಕನೇ ತೊಟ್ಟಿಲ ತಂಗಿಯನ್ನು ಸಾಕಿದ್ದು. ಇಷ್ಟನ್ನೂ ನನಗೆ ಹೇಳಿದವನು ನನ್ನ ಜೊತೆ ಸರಪಳಿ ಹಿಡಿಯುವ ಅಜ್ಜ. ಅರವತ್ತು ದಾಟಿದ ಮನುಷ್ಯ, ತಾಲ್ಲೂಕಿನ ಯಾವ ಮನೆಯ ಒಲೆಯಲ್ಲಿ ಏನು ಬೇಯುತ್ತಿದೆ ಎಂದು ಗೊತ್ತಿರುವವನು.

"ಪಟೇಲ್ರ ಮನೆ ಹೆಣ್ಮಕ್ಳು ಅಂದ್ರೆ ಸುಮ್ಕೆ ಅಲ್ಲ ಕಣವ್ವಾ," ಎಂದಿದ್ದ ದಾರಿಯಲ್ಲೇ. "ನೆಲ ನೋಡ್ಕಂಡು ನಡ್ದೋರೇ ಅಲ್ಲ. ಎಡವುದ್ರೂ ನೆಲದ್ದೇ ತಪ್ಪು ಅಂತರೆ."

ಅಕ್ಕತಂಗಿ ಮಾತು ಬಿಟ್ಟದ್ದು ತಂಗಿಯ ಮದುವೆಯ ವಿಚಾರಕ್ಕೆ. ತಂದೆ ಹಾಸಿಗೆ ಹಿಡಿದಾಗ ತಂಗಿ ಪ್ರತಿ ಶನಿವಾರ ಹಾಸನದಿಂದ ಬಂದು ಜಮೀನು ನೋಡಿಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರು ಸುಟ್ಟುಹೋಯಿತು, ಶುಂಠಿ ಒಣಗತೊಡಗಿತು. ಮೂಡಲ ಕಡೆಯ ಜಮೀನಿನವರು ಕೇಳದೆಯೇ ತಮ್ಮ ಪೈಪು ಎಳೆದು ಹನ್ನೊಂದು ದಿನ ನೀರು ಬಿಟ್ಟರು. ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಲಿಂಗ ಕಟ್ಟಿಕೊಳ್ಳುವ ಮನೆಯವರು. ನೀರಿನ ಮಾತು ಫೋನಿಗೆ ಬಂತು, ಫೋನಿನ ಮಾತು ಮದುವೆಗೆ ಬಂತು. ಅಕ್ಕ ಕೆಂಡವಾದರು.

"ಅಂಗಡಿಯೋನಿಗೆ ಬೇಕಾಗಿರೋದು ನೀನಲ್ಲ ಕಣೇ, ನಮ್ಮಪ್ಪನ ಜಮೀನು," ಎಂದರಂತೆ. ಅವತ್ತಿನಿಂದ ತಂಗಿ ಅಕ್ಕನ ಜೊತೆ ಮಾತು ನಿಲ್ಲಿಸಿದರು. ತಮಾಷೆ ಎಂದರೆ, ಮಾತು ಬಿಟ್ಟರೂ ಹಟ ಬಿಡಲಿಲ್ಲ. ಅಕ್ಕ ಭಾವ ಧಾರೆ ಎರೆಯದ ಮದುವೆ ತನಗೆ ಬೇಡವೇ ಬೇಡ ಎಂದು ಕೂತರು. ಊರ ಹಿರಿಯರು ಓಡಾಡಿ ಅಕ್ಕನನ್ನು ಒಂದು ಮಾತಿಗೆ ಒಪ್ಪಿಸಿದರು. ಮೊದಲು ಪಾಲಾಗಲಿ, ಗಡಿಯ ಬಗ್ಗೆ ಆ ಮನುಷ್ಯನ ಕಡೆಯಿಂದ ಒಂದೇ ಒಂದು ತಕರಾರೂ ಬರದಿರಲಿ, ಆಮೇಲೆ ಶ್ರಾವಣದಲ್ಲಿ ಧಾರೆ ಎರೆಯುತ್ತೇನೆ. ತಕರಾರು ಬಂದರೆ ಈ ಜನ್ಮದಲ್ಲಿ ನನ್ನ ಮುಖ ನೋಡಬೇಡ ಎಂದರಂತೆ. ಅಂತೂ ಒಂದು ಮದುವೆ ಬಂದು ನನ್ನ ಅಳತೆಯ ಕಂಬಕ್ಕೆ ಜೋತುಬಿದ್ದಿತ್ತು.

ಮೊದಲ ದಿನದ ಅಳತೆ ಸರಾಗವಾಗಿ ಮುಗಿಯಿತು. ಅಷ್ಟು ಸರಾಗವಾದಾಗಲೇ ನನಗೆ ಅನುಮಾನ ಬರಬೇಕಿತ್ತು. ಯಾವ ಅಳತೆಗೂ ಶುರುಮಾಡಲು ನಂಬಿಕೆಯ ಒಂದು ಕಲ್ಲು ಬೇಕು. ಹಳೆಯ ಸರ್ವೆಯವರು ಮೂಲೆ ಮೂಲೆಗೆ ನೆಟ್ಟ ಬಾಂದುಕಲ್ಲುಗಳಲ್ಲಿ ಮುಕ್ಕಾಲು ಪಾಲು ಈಗ ಟ್ರಾಕ್ಟರಿಗೋ ಜೆಸಿಬಿಗೋ ಸಿಕ್ಕಿ ಮಾಯವಾಗಿವೆ. ಇಲ್ಲಿ ಈಶಾನ್ಯದ ಮೂಲೆಯಲ್ಲಿ ಸೊಂಟದೆತ್ತರದ ಕಲ್ಲೊಂದು ನಿಂತಿತ್ತು. ಅದಕ್ಕೆ ಬೆರಳು ದಪ್ಪ ಅರಿಶಿನ, ಅದರ ಮೇಲೆ ಕುಂಕುಮ, ಬುಡದಲ್ಲಿ ಒಣಗಿದ ಹೂ. ಪಟೇಲರ ಮನೆಯವರು ವರ್ಷಾವರ್ಷ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಎಡೆ ಇಡುವ ಹೊಲದ ದೇವರು.

ಬಾಂದುಕಲ್ಲಾದರೆ ತಲೆಯ ಮೇಲೆ ಉಳಿಯಲ್ಲಿ ಕಡಿದ ಕೂಡುಗುರುತು ಇರಬೇಕು. ನೋಡಬೇಕಾದರೆ ಅರಿಶಿನ ಕೆರೆಯಬೇಕು. ಅಜ್ಜ ಉಗುರು ಹಾಕಲು ಹೋದ. "ಬ್ಯಾಡ ಬಿಡು, ದೇವರು," ಎಂದೆ ನಾನೇ. ಜನ ಪೂಜೆ ಮಾಡುವ ಕಲ್ಲನ್ನು ಯಾರೂ ಅಲ್ಲಾಡಿಸುವುದಿಲ್ಲ, ಹಾಗಾಗಿ ಇದಕ್ಕಿಂತ ನಂಬಿಕೆಯ ಕಲ್ಲು ಬೇಕೇ ಎನ್ನುವುದು ನನ್ನ ಲೆಕ್ಕ. ಅದೇ ನಾನು ಮಾಡಿದ ತಪ್ಪು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವಳು ಕೈಮುಗಿದುಬಿಟ್ಟೆ, ಕೆರೆದು ನೋಡಲಿಲ್ಲ.

ಆ ಕಲ್ಲಿನಿಂದ ಸುತ್ತುಬಂದಾಗ ಒಂಬತ್ತು ಎಕರೆ ಇಪ್ಪತ್ತನಾಲ್ಕು ಗುಂಟೆ ಬಂತು. ಹದಿನೆಂಟು ಗುಂಟೆ ಜಾಸ್ತಿ. ಪಡುವಲಲ್ಲಿ ಕಾಲುವೆ ಹಾದುಹೋಗಿದೆ, ಕಾಲುವೆಗೆ ಬಿಟ್ಟ ಜಾಗದ ಗೊಂದಲವಿರಬೇಕು, ಆಫೀಸಿನಲ್ಲಿ ನೋಡಿಕೊಳ್ಳೋಣ ಎಂದುಕೊಂಡೆ. ಮಧ್ಯಾಹ್ನ ಇನ್ನೊಂದು ಕಡೆ ಅಳತೆಯಿತ್ತು, ಅವಸರ. ಮಹಜರು ಬರೆದೆ. ಅಕ್ಕ ಸಹಿ ಹಾಕಿದರು, ತಂಗಿ ಹಾಕಿದರು. ಗೊಬ್ಬರದಂಗಡಿಯವರು ಪೆನ್ನು ಹಿಡಿದು ಒಂದು ಗಳಿಗೆ ನಿಂತರು.

"ಈ ಕಲ್ಲಿಂದಾನೇ ಹಿಡಿದ್ರಾ ಮೇಡಂ ಅಳತೆ?"

"ಹೌದು. ಯಾಕೆ, ತಕರಾರಿದೆಯಾ?"

ತಂಗಿ ಅವರ ಮುಖ ನೋಡಿದರು. ಅಕ್ಕ ನೆಲ ನೋಡಿದರು. ಅವರು "ಏನಿಲ್ಲ ಬಿಡಿ" ಎಂದು ಸಹಿ ಹಾಕಿದರು. ನೆಲ ನೋಡದ ಮನೆಯ ಹೆಣ್ಣುಮಗಳು ಅವತ್ತು ನೆಲ ನೋಡಿದ್ದು ನನಗೆ ಹೊಳೆದದ್ದು ಬಹಳ ದಿನದ ಮೇಲೆ.

ನಕ್ಷೆ ಮಾಡಲು ಕೂತಾಗ ಕಸಿವಿಸಿ ಶುರುವಾಯಿತು. ಕಾಲುವೆಯ ಜಾಗವನ್ನು ಹೇಗೆ ಕಳೆದರೂ ಹದಿನೆಂಟು ಗುಂಟೆ ಕರಗಲಿಲ್ಲ. ಮಾರನೆಯ ದಿನ ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ಹೋಗಿ ಆ ನಂಬರಿನ ಮೂಲ ಟಿಪ್ಪಣಿಯನ್ನೇ ತೆಗೆಸಿದೆ. ಟಿಪ್ಪಣಿ ಎಂದರೆ ಹಳೆಯ ಸರ್ವೆಯವರು ಹೊಲದಲ್ಲಿ ನಿಂತು ಕೈಯಲ್ಲಿ ಬರೆದ ಅಳತೆಯ ಹಾಳೆ. ನನಗೆ ಸಿಕ್ಕಿದ್ದ ನಕಲಿನಲ್ಲಿ ಆ ಮೂಲೆ ಅಳಿಸಿಹೋಗಿತ್ತು, ಮೂಲದಲ್ಲಿ ಕಾಣುತ್ತಿತ್ತು. ಕೆರೆ ಏರಿಯ ಕೆಳಗೆ ಮೂರು ಊರಿನ ಗಡಿ ಕೂಡುವ ಕಲ್ಲಿನಿಂದ ನಮ್ಮ ಈಶಾನ್ಯ ಮೂಲೆಗೆ ಎಷ್ಟು ದೂರ ಎಂದು ಬರೆದಿದ್ದರು. ಅದರ ಪ್ರಕಾರ ದೇವರ ಕಲ್ಲು ಇರಬೇಕಾದದ್ದಕ್ಕಿಂತ ಸರಿಯಾಗಿ ಒಂದು ಸರಪಳಿ, ಅಂದರೆ ಮೂವತ್ತಮೂರು ಅಡಿ, ಪಕ್ಕದವರ ಜಮೀನಿನೊಳಕ್ಕೆ ನಿಂತಿತ್ತು. ಮೂಡಲ ಬದು ಪೂರ್ತಿ ಅದರ ಜೊತೆಗೇ ಸರಿದಿತ್ತು, ಆ ಬದುವಿನ ಉದ್ದ ಹದಿನೆಂಟು ಸರಪಳಿ. ಅಗಲ ಒಂದು, ಉದ್ದ ಒಂದು ಸರಪಳಿ ಇದ್ದರೆ ಒಂದು ಗುಂಟೆ. ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ, ಹದಿನೆಂಟು ಗುಂಟೆ. ಆ ಪಟ್ಟಿಯಲ್ಲೇ ಪಟೇಲರ ಬೋರ್‌ವೆಲ್ ಇತ್ತು.

ಹಿಂದಿನ ವರ್ಷ ನನ್ನ ಮೇಲೆ ಒಂದು ದೂರು ಹೋಗಿತ್ತು. ಸುಳ್ಳು ದೂರು, ಆದರೂ ಮೇಲಿನವರು "ಇನ್ನೊಂದು ಬಂದರೆ ಲೈಸೆನ್ಸ್ ಅಮಾನತು" ಎಂದು ಬಾಯಲ್ಲಿ ಹೇಳಿ ಕಳಿಸಿದ್ದರು. ಈಗ ಎಲ್ಲರ ಸಹಿ ಇರುವ ಮಹಜರನ್ನು ರದ್ದು ಮಾಡಿ, ಮೊದಲ ಅಳತೆ ನನ್ನ ತಪ್ಪಿನಿಂದ ಕೆಟ್ಟಿತು ಎಂದು ನನ್ನ ಕೈಯಲ್ಲೇ ಬರೆಯಬೇಕು. ಅಥವಾ ಇನ್ನೊಂದು ದಾರಿಯಿತ್ತು. ಹದಿನೆಂಟು ಗುಂಟೆಯನ್ನು ಕಾಲುವೆ ಬದಿಗೆ ತಳ್ಳಿ, ಉಳುಮೆಗೆ ಬಾರದ ಖರಾಬು ಎಂದು ತೋರಿಸಿ, ಪಹಣಿಗೆ ಲೆಕ್ಕ ಕೂಡಿಸಿ ಕಳಿಸಿಬಿಡುವುದು. ಯಾರೂ ಕೇಳುವವರಿಲ್ಲ, ಪಕ್ಕದವರೇ ಸಹಿ ಹಾಕಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುಳ್ಳು ಹೇಳುವುದಿಲ್ಲ, ಎರಡು ದಿನ ಆ ದಾರಿಯ ಕಡೆಗೇ ನನ್ನ ಮನಸ್ಸು ನೋಡುತ್ತಿತ್ತು. ಮನೆಯಲ್ಲಿ ಮಗಳ ಮೇಲೆ ರೇಗಿದೆ, ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಚನ್ನರಾಯಪಟ್ಟಣದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲೇ ಹೊಳೆನರಸೀಪುರ. ಮೂರನೆಯ ದಿನ ಬಸ್ಸಿಳಿದು ಅಕ್ಕನ ಮನೆಗೆ ಹೋದೆ. ಗಿರಣಿಯ ಹಿಂದೆ ದೊಡ್ಡ ಮನೆ. ಅವರ ಯಜಮಾನರು ನನ್ನನ್ನು ನೋಡಿ "ಬನ್ನಿ" ಎಂದವರು ಹೆಂಡತಿಯನ್ನು ಕಂಡೊಡನೆ ಎದ್ದು ಒಳಗೆ ಹೋದರು. ಕಾಫಿ ಬಂತು. ನಾನು ವಿಷಯ ಹೇಳಿದೆ. ಕಲ್ಲು ಇರಬೇಕಾದ ಜಾಗದಲ್ಲಿಲ್ಲ ಎಂದೆ. ಆ ಅಮ್ಮನ ಕೈಯಲ್ಲಿದ್ದ ಲೋಟ ತಟ್ಟೆಗೆ ತಗುಲಿ ಟಿಣಿಟಿಣಿ ಎಂದಿತು.

"ಹಂಗೇ ಕೊಟ್ಬುಡಿ ಮೇಡಂ," ಎಂದರು.

"ಅದೆಂಗಮ್ಮ ಆಗುತ್ತೆ?"

"ಎಲ್ರೂ ಸೈನ್ ಹಾಕವ್ರಲ್ಲ. ಅವನೂ ಹಾಕವ್ನೆ. ಯಾರಿಗೇನ್ ನಷ್ಟ? ನಿಮ್ ಕೈ ಮುಗೀತೀನಿ, ಹಂಗೇ ಕೊಟ್ಬುಡಿ."

ಪಟೇಲರ ಮಗಳು ಕೈಮುಗಿಯುವುದೇ? ಆಸೆಗೆ ಮಿತಿ ಬೇಡವೇ, ಹದಿನೆಂಟು ಗುಂಟೆಗೆ ಇಷ್ಟು ಬಾಯಿ ಬಿಡಬೇಕೇ ಎಂದು ನನಗೆ ಅಸಹ್ಯವಾಯಿತು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಬಸ್ಸಿನಲ್ಲಿ ಕೂತು ತಂಗಿಗೆ ಫೋನು ಮಾಡಿದೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೂ ಅದೇ ದಿನ ಹೇಳಬೇಕು, ಅದು ನನ್ನ ನಿಯಮ. ಆಕೆ ತಣ್ಣಗೆ ಕೇಳಿಸಿಕೊಂಡರು.

"ಮೇಡಂ, ನಮ್ಮಪ್ಪ ಊರಿಗೆಲ್ಲ ನ್ಯಾಯ ಹೇಳಿದೋರು. ಬೇರೆಯವರ ಬದುವಿನ ಹುಲ್ಲು ಕೂಡ ನಮ್ಮ ದನಕ್ಕೆ ಕುಯ್ಸಿದೋರಲ್ಲ. ನಿಮ್ಮ ಟಿಪ್ಪಣೀನೇ ತಪ್ಪಿರಬೇಕು. ಅಳೀರಿ. ಹತ್ತು ಸಲ ಅಳೀರಿ. ನಾನೇ ನಿಂತು ನೋಡ್ತೀನಿ."

ಇನ್ನುಳಿದವರು ಗೊಬ್ಬರದಂಗಡಿಯವರು. ಮರು ಅಳತೆಯ ನೋಟಿಸು ಹಿಡಿದು ಅಂಗಡಿಗೆ ಹೋದಾಗ ಅವರು ಮೂಟೆಯ ಮೇಲೆ ಮೂಟೆ ಜೋಡಿಸುತ್ತಿದ್ದರು. ನೋಟಿಸು ಓದಿ ಮುಖ ಸಪ್ಪೆ ಮಾಡಿಕೊಂಡರು.

"ಬಿಟ್ಬುಡಿ ಮೇಡಂ. ಹದಿನೆಂಟು ಗುಂಟೆ ತಗಂಡು ನಾನೇನು ಮಾಡ್ಲಿ? ಮದ್ವೆ ಆಗ್ಬುಡ್ಲಿ ಮೊದ್ಲು."

ಹದಿನೆಂಟು ಗುಂಟೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ನೋಟಿಸಿನಲ್ಲೂ ಇರಲಿಲ್ಲ.

"ನಿಮಗೆ ಮೊದಲಿಂದ ಗೊತ್ತಿತ್ತು," ಎಂದೆ.

ಅವರು ಕೈಯ ಧೂಳು ಒರೆಸಿಕೊಂಡರು. "ನಮ್ಮಪ್ಪ ಸಾಯೋವಾಗ ಹೇಳಿದ್ರು. ಪಟೇಲರ ಎದುರಿಗೆ ನಿಲ್ಲೋ ತಾಕತ್ತು ಅವರಿಗಿರಲಿಲ್ಲ. ದೇವರ ಕಲ್ಲು ಅಂದ್ಮೇಲೆ ಊರಲ್ಲಿ ಯಾರು ಮುಟ್ತಾರೆ? ಈಗ ನಾನು ಬಾಯಿ ಬಿಟ್ರೆ ಅವರಕ್ಕ ಹೇಳಿದ್ದೇ ನಿಜ ಆಯ್ತದೆ. ನೋಡು, ಜಮೀನಿಗೆ ಬಂದ ಅಂತಾರೆ."

ಪಾಪ, ಒಳ್ಳೆಯ ಮನುಷ್ಯ. ಆದರೆ ಅಂಗಡಿಯ ಬೋರ್ಡಿನ ಮೇಲೆ ಅವರದಲ್ಲದೆ ಇಬ್ಬರು ತಮ್ಮಂದಿರ ಹೆಸರೂ ಇತ್ತು. ಅದನ್ನು ನೋಡುತ್ತಿದ್ದಂತೆ ನೋಟಿಸು ಬರೆದ ಮೇಲೂ ಉಳಿದಿದ್ದ ನನ್ನ ತೂಗಾಟ ನಿಂತಿತು. ಇವರು ಬಿಟ್ಟುಕೊಟ್ಟಾರು, ತಮ್ಮಂದಿರು ಬಿಡುತ್ತಾರೆಯೇ? ನಾಳೆ ಆ ಮನೆಯಲ್ಲಿ ಪಾಲು ಎದ್ದ ದಿನ ಇನ್ನೊಬ್ಬ ಸರ್ವೆಯವನು ಬಂದು ಇದೇ ಟಿಪ್ಪಣಿ ತೆಗೆಯುತ್ತಾನೆ. ಆಗ ಈ ತಂಗಿ ಆ ಮನೆಯ ಸೊಸೆ. ಬೋರ್‌ವೆಲ್ಲೂ ಹೋಗಿ, ಅಪ್ಪನ ಹೆಸರೂ ಹೋಗಿ, ಗಂಡನ ಮನೆಯ ಕೋರ್ಟು ಕೇಸಿನಲ್ಲಿ ಎದುರುಗಡೆಯ ಪಾರ್ಟಿಯಾಗಿ ನಿಲ್ಲಬೇಕು. ಆ ಗೆರೆ ಎಳೆದವಳು ನಾನು ಎಂದು ನನ್ನ ಸಹಿ ಅಲ್ಲಿರುತ್ತದೆ. ನನ್ನ ಲೈಸೆನ್ಸ್ ಹೋದರೆ ಹೋಗಲಿ ಎಂದು ಆ ಅಂಗಡಿಯ ಮುಂದೆಯೇ ನಿಂತು ಮೇಲಿನವರಿಗೆ ಫೋನು ಮಾಡಿ, ನನ್ನ ಅಳತೆ ತಪ್ಪಿದೆ, ಮತ್ತೆ ಅಳೆಯುತ್ತೇನೆ ಎಂದು ಹೇಳಿದೆ. ಆ ಕಡೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮರು ಅಳತೆಯ ಬೆಳಿಗ್ಗೆ ನನಗೆ ತಿಂಡಿ ಇಳಿಯಲಿಲ್ಲ. ನಾನೂ ಅಜ್ಜನೂ ಎಂಟು ಗಂಟೆಗೇ ಕೆರೆ ಏರಿಯ ಕೆಳಗೆ ಮೂರೂರ ಗಡಿಕಲ್ಲು ಹುಡುಕಿದೆವು. ಲಂಟಾನದ ಪೊದೆಯೊಳಗೆ ಗಟ್ಟಿಯಾಗಿ ಕೂತಿತ್ತು. ಈ ಸಲ ಪಾಚಿ ಕೆರೆದು, ಗುರುತು ನೋಡಿ, ಕೈಯಿಟ್ಟು ಮುಟ್ಟಿ ಆಮೇಲೆ ಶುರುಮಾಡಿದೆ. ರೋವರ್ ಒಂದನ್ನೇ ನಂಬಲಿಲ್ಲ, ಅಜ್ಜನ ಕೈಗೆ ಟೇಪು ಕೊಟ್ಟು ಇನ್ನೊಮ್ಮೆ ಅಳೆಸಿದೆ. ಎರಡೂ ಒಂದೇ ಕಡೆಗೆ ಬಂದವು. ದೇವರ ಕಲ್ಲಿನಿಂದ ಮೂವತ್ತಮೂರು ಅಡಿ ಈಚೆಗೆ, ತಂಗಿಯ ಪಾಲಿಗೆ ಬರಬೇಕಾದ ಜೋಳದ ಮಧ್ಯೆ. ಅಲ್ಲೊಂದು ಗೂಟ ಹೊಡೆದೆ.

ಅಷ್ಟರಲ್ಲಿ ಎಲ್ಲರೂ ಬಂದಿದ್ದರು. ಅಕ್ಕ ಬದುವಿನ ಮೇಲೆ ಸೆರಗು ಹೊದ್ದು ನಿಂತಿದ್ದರು. ತಂಗಿ ಕಾರಿನಿಂದ ಇಳಿದು ನೇರ ಗೂಟದ ಹತ್ತಿರ ಬಂದರು. ಗೊಬ್ಬರದಂಗಡಿಯವರು ತಮ್ಮ ಕಡೆಯ ಬೇಲಿಯ ಹತ್ತಿರವೇ ಉಳಿದರು.

"ಇಲ್ಲಿ ಹಳೇ ಕಲ್ಲು ಇರಬೇಕು," ಎಂದೆ. "ಸಿಕ್ಕಿದರೆ ಇದೇ ಗಡಿ. ಸಿಗದಿದ್ದರೆ ನನ್ನ ಲೆಕ್ಕಕ್ಕೆ ಸಾಕ್ಷಿ ಇಲ್ಲ."

ಅಜ್ಜ ಹಾರೆ ಹಾಕಿದ. ಒಂದಡಿ, ಒಂದೂವರೆ, ಎರಡಡಿ. ಕೆಂಪು ಮಣ್ಣು, ಜೋಳದ ಬೇರು, ಮತ್ತೆ ಮಣ್ಣು. ಎರಡೂವರೆ ಅಡಿಗೆ ಅಜ್ಜ ನೆಟ್ಟಗಾಗಿ ಬೆವರು ಒರೆಸಿಕೊಂಡ. "ಏನೂ ಇಲ್ಲ ಕಣವ್ವಾ." ಗುಂಡಿಯನ್ನು ಅಗಲ ಮಾಡಿಸಿದೆ. ಏನೂ ಇಲ್ಲ. ಹದಿನೈದು ದಿನದಲ್ಲಿ ಎರಡು ಬಾರಿ ತಪ್ಪಿದವಳು ಎಂದರೆ ಇನ್ನು ಈ ಜಿಲ್ಲೆಯಲ್ಲಿ ನನಗೆ ಯಾರು ಕಂಬ ಹಿಡಿಯಲು ಬಿಡುತ್ತಾರೆ?

ತಂಗಿಯ ಮುಖದಲ್ಲಿ ಗೆಲುವು ಬರಲಿಲ್ಲ, ಸಿಟ್ಟು ಬಂತು. ಅದು ನನ್ನ ಮೇಲಲ್ಲ, ಬೇಲಿಯ ಹತ್ತಿರ ನಿಂತವರ ಮೇಲೆ.

"ನೀವೇ ಹೇಳಿಕೊಟ್ರಾ ಮೇಡಂಗೆ?"

"ಇಲ್ಲ," ಎಂದರು ಅವರು.

"ಮತ್ತೆ ಇವರಿಗೆ ಎಲ್ಲಿಂದ ಬಂತು ಇದೆಲ್ಲ? ಮೊನ್ನೆ ಸಹಿ ಹಾಕೋವಾಗ ಕಲ್ಲಿನ ವಿಚಾರ ಎತ್ತಿದ್ದು ನೀವೇ. ಸತ್ತಿರೋ ನಮ್ಮಪ್ಪನ್ನ ಕಳ್ಳ ಅನ್ನಿಸಿ ಆಮೇಲೆ ನನ್ನ ಕೈ ಹಿಡೀಬೇಕಾ ನೀವು? ಅಕ್ಕ ಹೇಳಿದ್ದೇ ಸರಿ. ಸಾಕು. ಇಲ್ಲಿಗೇ ಮುಗೀತು. ಶ್ರಾವಣನೂ ಬೇಡ, ಏನೂ ಬೇಡ."

ಆ ಮನುಷ್ಯ ಏನಾದರೂ ಹೇಳಬೇಕಿತ್ತು ಎಂದು ನನಗೆ ಅನಿಸಿತು, ಆದರೆ ಯಾವ ಮಾತು ಆಡಿದರೂ ಅದು ಪಟೇಲರ ಮೇಲೆಯೇ ಹೋಗುತ್ತಿತ್ತು. ಬೇಲಿಯ ತಂತಿ ಹಿಡಿದು ನಿಂತವರು ಕೈ ಬಿಟ್ಟು ತಿರುಗಿದರು. ತಂಗಿ ಕಾರಿನ ಕಡೆಗೆ ಹೆಜ್ಜೆ ಹಾಕಿದರು, ಗಲ್ಲ ಎತ್ತಿಕೊಂಡೇ, ಕಣ್ಣು ತುಂಬಿಕೊಂಡೇ.

ಅಕ್ಕ ಗೆದ್ದರು ಎಂದುಕೊಂಡೆ. ಅವರು ಬೇಡವೆಂದ ಮದುವೆ ಮುರಿದಿತ್ತು, ಗುಂಡಿ ಖಾಲಿಯಿತ್ತು, ಅಪ್ಪನ ಹೆಸರು ಹಾಗೇ ಉಳಿದಿತ್ತು. ಇನ್ನು ಸುಮ್ಮನೆ ನಿಂತಿದ್ದರೆ ಸಾಕಿತ್ತು.

"ಅಲ್ಲಲ್ಲ ಕಣ್ಲಾ," ಎಂದರು ಅಕ್ಕ.

ಅಜ್ಜ ತಲೆಯೆತ್ತಿದ. ಆ ಅಮ್ಮ ಬದುವಿನಿಂದ ಇಳಿದು, ಜೋಳದ ಗರಿ ಸರಿಸಿಕೊಂಡು ಗುಂಡಿಯ ಹತ್ತಿರ ಬಂದರು. ಧ್ವನಿ ಸಣ್ಣಗಾಗಿತ್ತು.

"ಕಲ್ಲು ನೆಟ್ಟಗಿಲ್ಲ. ಬಡಗ್ಲಾಗೆ ಗುಂಡಿ ತೋಡಿ ಮಲಗ್ಸವ್ರೆ. ಇನ್ನೊಂದೆರಡು ಮೊಳ ಅತ್ಲಾಗೆ ಅಗಿ."

ಅಜ್ಜ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಹಾರೆ ನಾಲ್ಕನೆಯ ಪೆಟ್ಟಿಗೆ ಠಣ್ ಎಂದಿತು. ಮಣ್ಣು ಬಗೆದರೆ ಕಲ್ಲೊಂದು ಮಗ್ಗುಲಾಗಿ ಮಲಗಿತ್ತು. ಅಜ್ಜ ಕೈಯಲ್ಲೇ ಅದರ ತಲೆ ಉಜ್ಜಿದ. ಉಳಿಯಲ್ಲಿ ಕಡಿದ ಕೂಡುಗುರುತು ಮೊನ್ನೆ ಕಡಿದ ಹಾಗೆ ಕಾಣಿಸಿತು.

ತಂಗಿ ಕಾರಿನ ಬಾಗಿಲು ಹಿಡಿದವರು ಹಾಗೇ ನಿಂತುಬಿಟ್ಟರು.

"ನಂಗಾಗ ಹನ್ನೆರಡು ವರ್ಷ," ಎಂದರು ಅಕ್ಕ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಇವರ ಮನೆಯೋರು ಮದ್ವೆಗೆ ಅಂತ ಪರಸ್ಥಳಕ್ಕೆ ಹೋಗಿದ್ರು. ಅಪ್ಪ ಆಳ್ನ ಕರ್ಕಂಡು ಬಂದು ಇದ್ನ ಇಲ್ಲೇ ಹೂಳ್ಸಿದ್ರು. ಅತ್ಲಾಗೆ ಹೊಸಾ ಕಲ್ಲು ನೆಡ್ಸಿದ್ರು. ಅರಿಶಿನ ಕುಂಕುಮದ ತಟ್ಟೆ ನಾನೇ ಹಿಡ್ಕಂಡಿದ್ದೆ. ಹಚ್ಚವ್ವಾ, ಇವತ್ತಿಂದ ಇದು ದೇವ್ರು, ಅಂದ್ರು ಅಪ್ಪ. ಹಚ್ದೆ. ನಲವತ್ತೆರಡು ವರ್ಷದಿಂದ ಹಚ್ತಾನೇ ಇವ್ನಿ. ಇವಳು ಆಗ ತೊಟ್ಟಿಲಾಗಿದ್ಲು."

ಆಗ ನನಗೆ ಹೊಳೆನರಸೀಪುರದ ಮನೆಯಲ್ಲಿ ಲೋಟ ಟಿಣಿಟಿಣಿ ಎಂದದ್ದು ನೆನಪಾಯಿತು. ಆಸೆಯಲ್ಲ ಅದು, ಹೆದರಿಕೆ. ಅಂಗಡಿಯವನನ್ನು ದೂರ ಇಟ್ಟದ್ದೂ, ಮದುವೆಗೆ ಅಡ್ಡ ನಿಂತದ್ದೂ, ಅಪ್ಪನನ್ನು ದೇವರೆಂದುಕೊಂಡ ತಂಗಿಗೆ ಈ ಗುಂಡಿ ಕಾಣಬಾರದೆಂದು. ಎಂಥ ಮಾತು ಅಂದುಕೊಂಡಿದ್ದೆ ನಾನು ಆ ಹೆಂಗಸಿನ ಬಗ್ಗೆ! ನನಗೆ ನಾಚಿಕೆಯಾಯಿತು.

"ಸುಮ್ಕಿರಬೋದಿತ್ತಲ್ಲ ನೀನು."

ಹೇಳಿದವರು ತಂಗಿ. ಹೇಳಿದ್ದು ಅಕ್ಕನಿಗೆ. ನನ್ನ ಕಡೆ ತಿರುಗಿ "ಮೇಡಂ, ಅವರಿಗೆ ಹೇಳಿ" ಎನ್ನಲಿಲ್ಲ.

"ಹೆಂಗ್ ಸುಮ್ಕಿರ್ಲೇ?" ಅಕ್ಕನಿಗೆ ಈಗ ಅಳು ಬಂತು. "ಮಾಡ್ದೇ ಇರೋ ತಪ್ಪಿಗೆ ಅವ್ನ ಹೋಗು ಅಂದ್ಯಲ್ಲ. ಅಪ್ಪಂದು ಆಯ್ತು ಬಿಡು, ಹೋದೋರು ಹೋದ್ರು. ನಿನ್ ಬಾಳು ಇನ್ನೂ ಐತಲ್ಲ."

ತಂಗಿ ಬಂದು ಗುಂಡಿಯ ಅಂಚಿನಲ್ಲಿ ಕೂತು ಕಲ್ಲಿನ ಗುರುತನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಬೇಲಿಯ ಕಡೆ ತಿರುಗಿದರು. "ನಿಮಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಹಂಗಾದ್ರೆ ಇಷ್ಟು ದಿನ ನನಗೆ ದಯ ತೋರಿಸ್ತಿದ್ರಾ? ಹದಿನೆಂಟು ಗುಂಟೆ ಭಿಕ್ಷೆ ಹಾಕಿ ಮದುವೆ ಆಗೋಣ ಅಂತಿದ್ರಾ?"

"ಸುಮ್ಕಿರೇ ಸಾಕು!" ಅಕ್ಕ ಗದರಿದರು. "ಅವ್ನು ಹೇಳಿದ್ರೆ ನೀನು ನಂಬ್ತಿದ್ಯಾ? ಈಗ ತಾನೆ ನಂಬಿದ್ದು ನೋಡಿದ್ನಲ್ಲ."

ತಂಗಿ ತಪ್ಪಾಯಿತು ಎನ್ನಲಿಲ್ಲ, ಆ ಮನೆಯವರಿಗೆ ಆ ಪದ ಬರುವುದಿಲ್ಲ. ಎದ್ದು ಕಾರಿನಿಂದ ನೀರಿನ ಬಾಟಲಿ ತಂದು ಬೇಲಿಯ ಮೇಲಿಂದ ಅವರಿಗೆ ಚಾಚಿದರು. ಅವರು ತೆಗೆದುಕೊಂಡು ಕುಡಿದರು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಜಗಳ. ಕಳೆದುಹೋಗುವ ಹದಿನೆಂಟು ಗುಂಟೆ ಯಾರ ಪಾಲಿಗೆ? "ಮೂಡ್ಲ ಕಡೆ ನಂದು, ನನ್ನ ಪಾಲಲ್ಲೇ ಹೋಗಲಿ," ಎಂದರು ತಂಗಿ. "ಹಚ್ಚಿದ್ದು ನಾನು ಕಣೇ, ನನ್ ಪಾಲಲ್ಲೇ ಕಳೀಲಿ," ಎಂದರು ಅಕ್ಕ. "ನಿಂಗ್ಯಾಕೆ ಅಷ್ಟು ಹಟ?" "ನಿಂಗ್ಯಾಕೇ ಅಷ್ಟು ಕೊಬ್ಬು?" ಹದಿನೈದು ದಿನದ ಹಿಂದೆ ಅರ್ಧ ಗುಂಟೆಗೆ ನನ್ನ ಮುಖಾಂತರ ಕಾದಾಡಿದವರು ಈಗ ಕಡಿಮೆ ಬೇಕು ಎಂದು ಮುಖಾಮುಖಿ ಕಿರುಚಾಡುತ್ತಿದ್ದರು. ಮಧ್ಯೆ ನಾನು ಎರಡು ಸಲ ಬಾಯಿ ತೆರೆದೆ, ಇಬ್ಬರೂ "ನೀವಿರಿ ಮೇಡಂ" ಎಂದರು. ಕೊನೆಗೆ ನಾನೂ ರೇಗಿದೆ. "ಅರ್ಜಿಯಲ್ಲಿ ಸಮಪಾಲು ಅಂತ ಬರೆದಿದೆ. ಸಮ ಮಾಡಿ ನಡುಗೆರೆ ಹಾಕ್ತೀನಿ. ಬೇಡ ಅಂದ್ರೆ ಬೇರೆ ಅರ್ಜಿ ಕೊಟ್ಟುಕೊಳ್ಳಿ, ನನ್ನ ಹತ್ರ ಅಂತೂ ಬರಬೇಡಿ." ಆಗ ಸುಮ್ಮನಾದರು.

ಅಜ್ಜ ಹಳೆಯ ಕಲ್ಲನ್ನು ಎತ್ತಿ ಅದರ ಜಾಗದಲ್ಲಿ ನೆಟ್ಟ. ನಾನು ಬದುವಿನ ಮೇಲೆ ಕೂತು ಹೊಸ ಮಹಜರು ಬರೆದೆ. ಮೊದಲ ಅಳತೆ ನನ್ನ ತಪ್ಪಿನಿಂದ ಕೆಟ್ಟದ್ದನ್ನು ನನ್ನ ಕೈಯಲ್ಲೇ ಬರೆದೆ. ಬರೆದಾದ ಮೇಲೆ ಹೊಟ್ಟೆ ಹಸಿಯಿತು.

ಸಹಿ ಹಾಕುವ ಮೊದಲು ಅಕ್ಕ ಬೇಲಿಯ ಕಡೆ ನೋಡಿದರು. ಅರಿಶಿನದ ಕಲ್ಲು ಈಗ ಪೂರ್ತಿಯಾಗಿ ಇನ್ನೊಬ್ಬರ ಜಮೀನಿನಲ್ಲಿ ನಿಂತಿತ್ತು. ಇಷ್ಟು ವರ್ಷ ಪೂಜೆ ಮಾಡಿದ ಕೈಯಲ್ಲೇ ಅದರ ಕಡೆ ತೋರಿಸಿದರು.

"ಅದ್ನ ಕಿತ್ತು ಹಾಕ್ಸಿಬುಡಿ," ಎಂದರು ಗೊಬ್ಬರದಂಗಡಿಯವರಿಗೆ. ಆ ಮನುಷ್ಯನ ಜೊತೆ ಅವರು ಆಡಿದ ಮೊದಲ ಮಾತು ಅದು.

"ಯಾಕಕ್ಕಾ?" ಎಂದರು ಅವರು. "ನಮ್ಮ ಹೊಲದಾಗೇ ಇರ್ಲಿ. ವರ್ಷಕ್ಕೊಂದ್ಸಲ ಎಡೆ ಇಡಾಕೆ ನೀವು ಬರಬೇಕಲ್ಲ."

ಅಕ್ಕ ಮಹಜರಿನ ಮೇಲೆ ಬಗ್ಗಿ ಸಹಿ ಹಾಕಿದರು. ಪೆನ್ನನ್ನು ತಂಗಿಯ ಕೈಗೆ ಕೊಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡರು.

"ಬತ್ತೀನಿ," ಎಂದರು. "ಧಾರೆ ಎರ್ದ್ ಮ್ಯಾಲೆ ಬರ್ದೇ ಇರಾಕಾಯ್ತದಾ?"